ಶೇಂಗಾ ಬೀಜಕ್ಕೆ ತಾಕಿದ ಕಿರಣ

ಅಣುವಿಜ್ಞಾನ ಅಂದ ಕೂಡಲೇ ನಮಗೆ ನೆನಪಾಗುವುದು ಬಾಂಬು, ಇಲ್ಲದಿದ್ದರೆ ಕೈಗಾ ಅಣು ವಿದ್ಯುತ್ ಸ್ಥಾವರ. ಶೇಂಗಾ ಹೊಲವೂ ನೆನಪಾಗಬೇಕಿತ್ತು.

ದಾವಣಗೆರೆ ಜಿಲ್ಲೆಯ ಬಸವಾಪಟ್ಟಣದ ಕಡೆ ಭದ್ರಾ ಕಾಲುವೆಯಿದೆ. ಭತ್ತ, ಅಡಿಕೆ ನಡೆಯುತ್ತದೆ. ಅದೇ ಜಿಲ್ಲೆಯ ಜಗಳೂರಿನಲ್ಲಿ ರೈತ ಮುಗಿಲು ನೋಡಿಯೇ ಬಿತ್ತಬೇಕು. ಅಂಥವರಿಗೆ ಹತ್ತು ದಿನ ಮೊದಲೇ ಮಾಗುವ ಶೇಂಗಾ ತಳಿ ಅಂದರೆ ಸಣ್ಣ ಮಾತಲ್ಲ.

ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಶೇಂಗಾ ಬೀಜಗಳಿಗೆ ಎಕ್ಸ್-ರೇ ತಾಕಿಸಿದರು. ಬೀಜದ ವಂಶವಾಹಿಯಲ್ಲಿ ಸಣ್ಣ ಬದಲಾವಣೆಗಳಾದವು. ಸಾವಿರಾರು ಗಿಡಗಳಲ್ಲಿ ಒಳ್ಳೆಯವನ್ನು ಆರಿಸಿ, ತಲೆಮಾರುಗಟ್ಟಲೆ ಬೆಳೆಸಿ, ಬೇರೆ ತಳಿಗಳೊಂದಿಗೆ ಸಂಕರ ಮಾಡಿದರು. 1991ರ ಟಿಎಜಿ-24 ಹಾಗೆ ಬಂತು: ಗಿಡ್ಡ ಗಿಡ, ಬೇಗ ಕೊಯ್ಲು. ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಜತೆಗೂಡಿ ದಪ್ಪ ಕಾಳಿನ ಟಿಡಿಜಿ-39 ತಂದಿತು. ಆ ಕಾಳಿನಲ್ಲಿ ವಿಕಿರಣ ಉಳಿದಿರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಈ ವಿದ್ಯೆ ಒಂದೇ ದೇಶದ್ದಲ್ಲ. 1957ರಲ್ಲಿ ಹುಟ್ಟಿದ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎರಡೂ 1964ರಿಂದ ಒಟ್ಟಿಗೆ ದುಡಿಯುತ್ತಿವೆ. ಅವರ ದಾಖಲೆಯಲ್ಲಿ ಇಂಥ ತಳಿಗಳು 3,000 ದಾಟಿವೆ.

ಆದರೆ ಬಿತ್ತನೆ ಹೊತ್ತಿಗೆ ಒಳ್ಳೆಯ ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಿಗಬೇಕಲ್ಲ! ಟ್ರಾಂಬೆಯಿಂದ ಧಾರವಾಡಕ್ಕೆ ಬಂದ ವಿದ್ಯೆ ಜಗಳೂರಿನ ಹೊಲದವರೆಗೂ ಹೋಗಲಿ ಎನ್ನುವುದೇ ನನ್ನ ಆಸೆ.