ಮಗಳ ಹೌಸ್ ಸರ್ಜನ್ ವರ್ಷ

2024ರಲ್ಲಿ ನಮ್ಮ ಮಗಳು ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿ ಬಂದ ದಿನ, ತಿರುಪ್ಪೂರಿನ ನಮ್ಮ ಬೀದಿಯ ಮನೆಮನೆಗೂ ನಾವು ಸಿಹಿ ಹಂಚಿದೆವು. ಮಗ್ಗದ ಮನೆತನದಲ್ಲಿ ಮೊದಲ ವೈದ್ಯೆ. ನಮ್ಮ ತಂದೆಯವರು ಕೈಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಕುಳಿತೇ ಆಯುಷ್ಯ ಕಳೆದವರು. ನಾವು ಬನಿಯನ್ ಕಂಪನಿಯೊಂದರಲ್ಲಿ ಲೆಕ್ಕ ಬರೆದು ಕಳೆದವರು. ಆ ಸಂತೋಷದ ಭರದಲ್ಲಿ ನಾವು ಬಾಗಿಲಿಗೆ ಹೆಸರಿನ ಫಲಕ ಬರೆಸಲು ಹೊರಟಾಗ ಮಗಳೇ ತಡೆದಳು. ‘ಇನ್ನೂ ಒಂದು ವರ್ಷ ಇದೆಯಪ್ಪಾ. ಈಗ ನಾನು ಡಾಕ್ಟರೂ ಹೌದು, ಅಲ್ಲವೂ ಹೌದು’ ಎಂದಳು. ಈ ಮಾತನ್ನು ಅವಳು ಹೇಳಿದ್ದು ತಮಿಳಿನಲ್ಲಿ. ಏಕೆಂಬುದನ್ನು ಮುಂದೆ ನಾವೇ ಒಪ್ಪಿಕೊಳ್ಳಬೇಕಾಗಿದೆ.

ನಮ್ಮಂಥ ಮನೆಗಳಲ್ಲಿ ಮಕ್ಕಳನ್ನು ವೈದ್ಯಕೀಯಕ್ಕೆ ಸೇರಿಸುವವರಿಗೆ ಆ ಒಂದು ವರ್ಷದ ಸಂಗತಿ ಸರಿಯಾಗಿ ತಿಳಿದಿರುವುದಿಲ್ಲ. ನಮಗೂ ತಿಳಿದಿರಲಿಲ್ಲ. ನಾಲ್ಕೂವರೆ ವರ್ಷ ಓದಿ ತೇರ್ಗಡೆಯಾದವರಿಗೆ ರಾಜ್ಯದ ವೈದ್ಯಕೀಯ ಪರಿಷತ್ತು ಮೊದಲು ಕೊಡುವುದು ತಾತ್ಕಾಲಿಕ ನೋಂದಣಿ ಮಾತ್ರ. ಹನ್ನೆರಡು ತಿಂಗಳು ಆಸ್ಪತ್ರೆಯ ಒಂದೊಂದು ವಿಭಾಗದಲ್ಲಿಯೂ ಸರದಿಯಂತೆ ದುಡಿದು, ಮಾಡಿದ ಕೆಲಸವನ್ನು ಲಾಗ್‌ಬುಕ್ಕಿನಲ್ಲಿ ಬರೆದು, ಹಿರಿಯರಿಂದ ಸಹಿ ಪಡೆದ ಮೇಲೆಯೇ ಕಾಯಂ ನೋಂದಣಿ. 1956ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಯಲ್ಲಿಯೇ ತಾತ್ಕಾಲಿಕ ನೋಂದಣಿಯ ಮಾತಿತ್ತು. ಆ ಕಾಯಿದೆ ಹೋಗಿ 2019ರ ಹೊಸ ಕಾಯಿದೆ ಬಂದು, 2021ರ ನವೆಂಬರಿನಲ್ಲಿ ಈ ವರ್ಷಕ್ಕೆ ಹೊಸ ನಿಯಮಾವಳಿಯೂ ಪ್ರಕಟವಾಯಿತು. ಹನ್ನೆರಡು ವಾರ ಸಮುದಾಯ ವೈದ್ಯಕೀಯ, ಅಂದರೆ ಬಹುಮಟ್ಟಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳ ಕೆಲಸ. ಉಳಿದ ಕಾಲ ಔಷಧ, ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ವಿಭಾಗ ಮೊದಲಾದುವು. ಕಾಗದದಲ್ಲಿ ಇದಕ್ಕೆ ಉದ್ದವಾದ ಇಂಗ್ಲಿಷ್ ಹೆಸರಿದೆ. ನಮ್ಮ ಕಡೆ ರೋಗಿಗಳಿಂದ ಹಿಡಿದು ಆಯಾಗಳವರೆಗೆ ಎಲ್ಲರೂ ಹೇಳುವುದು ‘ಹೌಸ್ ಸರ್ಜನ್’ ಎಂದೇ. ಹಿಂದೆ ಇಂಗ್ಲೆಂಡಿನಲ್ಲಿ ಆಸ್ಪತ್ರೆಯಲ್ಲಿಯೇ ವಾಸವಿದ್ದು ಹಗಲಿರುಳು ಕರೆದಾಗ ಏಳುತ್ತಿದ್ದ ಕಿರಿಯ ವೈದ್ಯರಿಗೆ ಸಲ್ಲುತ್ತಿದ್ದ ಹೆಸರದು. ಅಲ್ಲಿ 1950ರ ಕಾಯಿದೆಯಿಂದಾಗಿ 1953ರಿಂದ ಈ ವರ್ಷ ಕಡ್ಡಾಯವಾಯಿತು.

ಕೊಯಮತ್ತೂರು ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1966ರಲ್ಲಿ. ಕಾಲೇಜು ಅವಿನಾಶಿ ರಸ್ತೆಯ ಪೀಳಮೇಡಿನಲ್ಲಿ, ಆಸ್ಪತ್ರೆ ಅಲ್ಲಿಂದ ದೂರ, ತಿರುಚ್ಚಿ ರಸ್ತೆಯಲ್ಲಿ. ಪಿ.ಎಸ್.ಜಿ.ಯವರ ವೈದ್ಯಕೀಯ ಕಾಲೇಜು 1985ರದು. ನಮ್ಮ ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದರೂ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾದುದು 2022ರ ಜನವರಿಯಲ್ಲಿ. ಅಷ್ಟರಲ್ಲಿ ನಮ್ಮ ಮಗಳು ಬೇರೆಡೆ ಸೇರಿಯಾಗಿತ್ತು. ಅವಳು ಯಾವ ಆಸ್ಪತ್ರೆಯಲ್ಲಿ ಆ ವರ್ಷ ಕಳೆದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲಿರುವ ಪ್ರಸಂಗ ಅವಳ ತಪ್ಪಿನದು, ಅದಕ್ಕಿಂತ ಹೆಚ್ಚಾಗಿ ನಮ್ಮ ತಪ್ಪಿನದು.

ಮೊದಲ ಎರಡು ತಿಂಗಳು ಮನೆಗೆ ಬಂದಾಗಲೆಲ್ಲ ಅವಳು ಊಟದ ಎಲೆಯ ಮುಂದೆಯೇ ತೂಕಡಿಸುತ್ತಿದ್ದಳು. ನಮ್ಮ ಮನೆಯವರು ಕಣ್ಣೀರು ಹಾಕುತ್ತಿದ್ದರು. ರಕ್ತ ತೆಗೆಯುವುದು, ಅದನ್ನು ಪ್ರಯೋಗಾಲಯಕ್ಕೆ ಕೊಂಡೊಯ್ಯುವುದು, ವರದಿಗಾಗಿ ಕಾಯುವುದು, ಮೂತ್ರದ ನಳಿಕೆ ಹಾಕುವುದು, ರಕ್ತನಿಧಿಗೆ ಓಡುವುದು, ಬಿಡುಗಡೆಯ ಚೀಟಿ ಬರೆಯುವುದು, ಇವೆಲ್ಲ ಹೌಸ್ ಸರ್ಜನ್ನರ ಪಾಲು. ‘ಇದಕ್ಕಾಗಿಯೇ ಇಷ್ಟು ಓದಿಸಿದೆವೇ?’ ಎಂದು ನಾವೂ ಒಮ್ಮೆ ಗೊಣಗಿದ್ದುಂಟು. ಆದರೆ ಇನ್ನೊಂದು ಕೆಲಸವೂ ಅವರದೇ ಪಾಲು. ರೋಗಿ ಬಂದೊಡನೆ ಎದುರು ಕುಳಿತು, ‘ಏನಾಯಿತು? ಯಾವಾಗಿನಿಂದ?’ ಎಂದು ಕೇಳಿ, ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಮೊದಲು ಬರೆಯುವವರು ಅವರೇ. ಅನಂತರ ಬರುವ ಸ್ನಾತಕೋತ್ತರ ವಿದ್ಯಾರ್ಥಿ, ಸಹಾಯಕ ಪ್ರಾಧ್ಯಾಪಕರು, ಕೊನೆಗೆ ಚೀಫ್, ಎಲ್ಲರೂ ಆ ಮೊದಲ ಸಾಲನ್ನು ಓದಿಯೇ ಮುಂದುವರಿಯುತ್ತಾರೆ. ಆ ಸಾಲು ತಪ್ಪಾದರೆ ಮುಂದಿನದೆಲ್ಲ ತಪ್ಪಿದ ದಾರಿಯಲ್ಲಿಯೇ ನಡೆಯುವ ಸಂಭವವುಂಟು.

ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗಳಿಗೆ ತಾಳವಾಡಿಯ ಕಡೆಯ ಕನ್ನಡಿಗರು ಬರುವುದು ಹೊಸತಲ್ಲ. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು, ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ, ವಾಂತಿ ಮಾಡಿಕೊಂಡು ನಿತ್ರಾಣರಾಗಿ ಬರುತ್ತಾರೆ. ಅವರಲ್ಲಿ ಗಂಡಸರು ಸಂತೆ, ಕೂಲಿ ಎಂದು ತಿರುಗಾಡಿ ತಮಿಳು ಕಲಿತಿರುತ್ತಾರೆ. ಹೆಂಗಸರೆಲ್ಲರಿಗೂ ಬರುವುದೆಂದು ಹೇಳುವಂತಿಲ್ಲ.

ಒಂದು ದಿನ ಅಂಥ ಒಬ್ಬ ಹೆಂಗಸು, ವಯಸ್ಸು ನಲವತ್ತರ ಒಳಗೆ, ಹೊರರೋಗಿಗಳ ಸಾಲಿನಲ್ಲಿ ನಮ್ಮ ಮಗಳೆದುರು ಬಂದು ಕುಳಿತಳು. ಜೊತೆಗೆ ಬಂದಿದ್ದ ಮೈದುನ ಸಂಕೋಚದಿಂದಲೋ ಏನೋ ದೂರ ನಿಂತಿದ್ದನಂತೆ. ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ‘ಮುಟ್ಟು ನಿಲ್ತಾನೇ ಇಲ್ಲ ಕನವ್ವ, ಇಪ್ಪತ್ತು ದಿವ್ಸಾಯ್ತು. ಕಾಲೆಲ್ಲ ಸೇದ್ತದ’ ಎಂದಳು.

ತಮಿಳು ಬಲ್ಲ ನಮ್ಮ ಓದುಗರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಗಡಿಯಾಚೆಯ ಬಂಧುಗಳಿಗಾಗಿ ಹೇಳುತ್ತೇವೆ. ತಮಿಳಿನಲ್ಲಿ ‘ಮೂಟ್ಟು’ ಎಂದರೆ ಕೀಲು, ‘ಮುಟ್ಟಿ’ ಎಂದರೆ ಮೊಣಕಾಲು. ‘ನಿಲ್ತಾ ಇಲ್ಲ’ ಎಂಬುದು ಅವಳ ಕಿವಿಗೆ ‘ನಿಲ್ಲಲಾಗುತ್ತಿಲ್ಲ’ ಎಂದು ಕೇಳಿಸಿತು. ಕಾಲು ನೋವೆಂದು ಹೆಂಗಸೇ ಹೇಳಿಯೂ ಇದ್ದಳು. ಮಗಳು ‘ಮೊಣಕಾಲಿನ ಕೀಲುನೋವು, ನಿಲ್ಲಲು ಕಷ್ಟ, 20 ದಿನಗಳಿಂದ’ ಎಂದು ಬರೆದು ಮೂಳೆ ವಿಭಾಗಕ್ಕೆ ಕಳುಹಿಸಿದಳು. ಅಲ್ಲಿ ಎಕ್ಸ್‌ರೇ ತೆಗೆದು, ನೋವಿನ ಮಾತ್ರೆ ಕೊಟ್ಟು, ಮರುದಿನ ಬೆಳಿಗ್ಗೆ ಬರಹೇಳಿದರು.

‘ಕನ್ನಡದ ಮನೆಯ ಹುಡುಗಿಗೆ ಮುಟ್ಟು ಎಂಬ ಮಾತು ತಿಳಿಯದೇ?’ ಎಂದು ಕೇಳುವವರಿರಬಹುದು. ತಿಳಿಯದು. ಮಗಳು ಶಾಲೆಗೆ ಸೇರಿದಾಗ, ಮನೆಯ ಭಾಷೆ ಬೇರೆಯಾದರೆ ತರಗತಿಯಲ್ಲಿ ಹಿಂದೆ ಬಿದ್ದಾಳೆಂಬ ಹೆದರಿಕೆಯಿಂದ ನಾವಿಬ್ಬರೂ ಅವಳೊಡನೆ ತಮಿಳಿನಲ್ಲಿಯೇ ಮಾತನಾಡತೊಡಗಿದೆವು. ನಡುನಡುವೆ ಇಂಗ್ಲಿಷು. ಕನ್ನಡ ಉಳಿದದ್ದು ಅಜ್ಜಿಯ ಕೋಣೆಯಲ್ಲಿ, ಅದೂ ಊಟ, ಸ್ನಾನ, ಕತೆಗಳ ಮಟ್ಟಿಗೆ. ಹೆಣ್ಣುಮಕ್ಕಳ ಆ ವಿಷಯಕ್ಕೆ ನಮ್ಮ ಮನೆಯಲ್ಲಿ ತಮಿಳರಿಂದ ಬಂದ ‘ದೂರ’ ಎಂಬ ಮಾತೇ ರೂಢಿ. ಅಕ್ಷರವನ್ನಂತೂ ಅವಳಿಗೆ ಕಲಿಸಲೇ ಇಲ್ಲ. ಈ ಬರಹವನ್ನೂ ಅವಳಿಗೆ ನಾವೇ ಓದಿ ಹೇಳಬೇಕು.

ನಮ್ಮ ತಾಯಿಯವರ ಮಾತು ಬೇರೆ. ಅವರು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. 1955ರಲ್ಲಿ ಮದುವೆಯಾಗಿ ಈ ಕಡೆಗೆ ಬಂದಾಗ ತವರೂ ಅತ್ತೆಯ ಮನೆಯೂ ಒಂದೇ ಜಿಲ್ಲೆ. ಆಗ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮರುವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ತವರು ಮೈಸೂರಿಗೆ ಸೇರಿತು. ಎಪ್ಪತ್ತು ವರ್ಷ ತಮಿಳರ ನಡುವೆ ಬಾಳಿದರೂ ಅವರ ಕೊಳ್ಳೇಗಾಲದ ಮಾತು ಹಾಗೆಯೇ ಇದೆ. ಸಂಬಂಧಿಕರೆದುರು ಅವರು ಗಟ್ಟಿಯಾಗಿ ಹಾಗೆ ಮಾತನಾಡಿದರೆ ನಮಗೆ ಸ್ವಲ್ಪ ಮುಜುಗರವೂ ಆಗುತ್ತಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಂದು ರಾತ್ರಿ ಒಂಬತ್ತರ ಸುಮಾರಿಗೆ ಮಗಳು ಅಜ್ಜಿಗೆ ಫೋನು ಮಾಡಿದಳು. ಆ ಹೆಂಗಸಿನ ಮುಖ ಅವಳ ಮನಸ್ಸಿನಿಂದ ಹೋಗಿರಲಿಲ್ಲ. ನಾಲಿಗೆ, ಉಗುರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಎಲ್ಲವೂ ಬಿಳಿಚಿದ್ದುವಂತೆ. ಮೊಣಕಾಲಿನಲ್ಲಿ ಮಾತ್ರ ಬಾವಿರಲಿಲ್ಲ.

‘ಅಜ್ಜಿ, ಮುಟ್ಟು ಅಂದ್ರೆ ಮೊಣಕಾಲು ತಾನೆ?’

ನಮ್ಮ ತಾಯಿಯವರು ಮೊದಲು ನಕ್ಕರು. ಬಳಿಕ, ‘ಅಲ್ಲ ಕೂಸೇ, ಹೊರಗಾಗೋದು’ ಎಂದರು. ಆಚೆಯಿಂದ ಸದ್ದಿಲ್ಲ. ‘ಯಾರಿಗೆ ಕೂಸೇ? ಎಷ್ಟು ದಿವ್ಸದಿಂದ?’ ಎಂದು ಇವರೇ ಕೇಳಿದರು. ಮಗಳು ಇಪ್ಪತ್ತು ದಿನವೆಂದಾಗ, ‘ಅಯ್ಯೋ, ಹುಡ್ಕು ಓಗು ಅವಳನ್ನ’ ಎಂದರು.

ಎಲ್ಲಿ ಹುಡುಕುವುದು? ಚೀಟಿಯಲ್ಲಿ ಬರೆಸಿದ್ದ ಫೋನ್ ನಂಬರು ಊರಿನಲ್ಲಿದ್ದ ಯಾರದೋ ಆಗಿತ್ತು. ಎಷ್ಟು ಬಾರಿ ಮಾಡಿದರೂ ಎತ್ತಲಿಲ್ಲ. ಆ ರಾತ್ರಿ ಮಗಳು ನಿದ್ರಿಸಲಿಲ್ಲ, ಇಲ್ಲಿ ನಾವೂ ನಿದ್ರಿಸಲಿಲ್ಲ. ಬೆಳಿಗ್ಗೆ ಏಳು ಗಂಟೆಗೇ ಅವಳು ಮೂಳೆ ವಿಭಾಗದ ಬಾಗಿಲಲ್ಲಿ ನಿಂತಳು. ಎಂಟೂವರೆ ಹೊತ್ತಿಗೆ ಎಕ್ಸ್‌ರೇ ಲಕೋಟೆ ಹಿಡಿದು ಮೈದುನ ಬಂದ, ಹಿಂದೆ ಗೋಡೆ ಹಿಡಿದುಕೊಂಡು ಆ ಹೆಂಗಸು. ಕುರ್ಚಿಯ ಮೇಲೆ ಕೂರಿಸಿ ರಕ್ತ ತೆಗೆದು, ಮಗಳೇ ಪ್ರಯೋಗಾಲಯಕ್ಕೆ ಓಡಿದಳಂತೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಆಕೆಗೆ ಇದ್ದದ್ದು 5. ಗರ್ಭಕೋಶದಲ್ಲಿ ಗೆಡ್ಡೆಯಿತ್ತು. ಅಂದೇ ಸ್ತ್ರೀರೋಗ ವಿಭಾಗಕ್ಕೆ ಸೇರಿಸಿ ರಕ್ತ ಕೊಟ್ಟರು. ಎರಡು ವಾರಗಳ ಮೇಲೆ ಶಸ್ತ್ರಚಿಕಿತ್ಸೆಯಾಗಿ, ಗುಣವಾಗಿ ಊರಿಗೆ ಮರಳಿದಳು.

ಮಗಳು ಚೀಫ್ ಬಳಿ ಹೋಗಿ ನಡೆದುದನ್ನು ತಾನಾಗಿಯೇ ಹೇಳಿದಳು. ಅವರು ಬೈಯಲಿಲ್ಲವಂತೆ. ‘ಕೆಳರೆಪ್ಪೆಯನ್ನು ನಿನ್ನೆಯೇ ನೋಡಿದ್ದೆಯಲ್ಲ, ಏಕೆ ಬರೆಯಲಿಲ್ಲ?’ ಎಂದು ಒಂದೇ ಪ್ರಶ್ನೆ ಕೇಳಿದರಂತೆ. ಅದೇ ಅವಳಿಗೆ ಹೆಚ್ಚು ನಾಟಿತು. ಹಾಗೆಂದು ಹೊಣೆಯನ್ನೆಲ್ಲ ಅವಳ ಮೇಲೆಯೇ ಹೊರಿಸುವಷ್ಟು ನಾವು ನಿರ್ದಯರಲ್ಲ.

ಆ ಮೇಲೆ ಅವಳು ಮನೆಗೆ ಬಂದಾಗ ಊಟದ ನಂತರ ಅಜ್ಜಿಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳತೊಡಗಿದಳು. ನಮ್ಮ ತಾಯಿಯವರು ಒಂದೊಂದೇ ಮಾತು ಹೇಳುವುದು, ಅವಳು ಅದನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳುವುದು. ಕೆಲವು ಸುಲಭ: ಹಲ್ಲು-ಪಲ್ಲು, ಹುಣ್ಣು-ಪುಣ್ಣು, ‘ಹ’ ಇದ್ದಲ್ಲಿ ‘ಪ’ ಇಟ್ಟರಾಯಿತು. ಕೆಲವು ಮೋಸಗೊಳಿಸುವಂಥವು. ‘ಉಸಿರು’ ಎಂದರೆ ನಮಗೆ ಉಸಿರಾಟ, ಆಡುಮಾತಿನ ತಮಿಳಿನಲ್ಲಿ ‘ಉಸುರು’ ಎಂದರೆ ಪ್ರಾಣ; ಉಬ್ಬಸದ ಮುದುಕರೊಬ್ಬರು ‘ಉಸಿರು ಹೋಗ್ತದ’ ಎಂದಾಗ ವಾರ್ಡಿನವರೆಲ್ಲ ಗಾಬರಿಯಾಗಿದ್ದರಂತೆ. ‘ಮೈಕೈ ನೋವು’ ಎಂದರೆ ಕೈಯನ್ನು ಮಾತ್ರ ನೋಡಿ ಕಳುಹಿಸುತ್ತಾರಂತೆ. ನೆಗಡಿ, ಬಾವು, ಬಿಕ್ಕಳಿಕೆ, ಸುಸ್ತು, ಬೇನೆ ಹೀಗೆ ಪುಟಗಳು ತುಂಬಿದವು. ಕೆಲವು ಮಾತುಗಳು ನಮಗೂ ಮರೆತುಹೋಗಿದ್ದವು. ನಮ್ಮ ಮನೆಯವರೂ ನಾವೂ ದೂರ ಕುಳಿತು ಕೇಳುತ್ತಿದ್ದೆವು. ಎರಡು ಬಾರಿ ನಡುವೆ ಬಾಯಿ ಹಾಕಿ ತಪ್ಪು ಹೇಳಿ ಬೈಸಿಕೊಂಡೆವು.

ವರ್ಷ ಮುಗಿದು ಮಗಳಿಗೆ ಕಾಯಂ ನೋಂದಣಿಯಾಗಿದೆ. ಬಾಗಿಲಿಗೆ ಫಲಕವೂ ಬಂದಿದೆ. ಮೇಲೆ ತಮಿಳು, ಕೆಳಗೆ ಇಂಗ್ಲಿಷು. ಕನ್ನಡದಲ್ಲಿಯೂ ಬರೆಸೋಣವೆಂದರೆ ಇಲ್ಲಿ ಬರೆಯುವವರು ಸಿಗಲಿಲ್ಲ. ನೋಟ್‌ಬುಕ್ಕನ್ನು ಅವಳು ಮುಂದಿನ ತಂಡದ ಹೌಸ್ ಸರ್ಜನ್ ಹುಡುಗನೊಬ್ಬನಿಗೆ ಕೊಟ್ಟು ಬಂದಳು. ಅವನು ತಿರುನೆಲ್ವೇಲಿಯ ಕಡೆಯವನು, ಕನ್ನಡದ ಗಂಧವೂ ಇಲ್ಲದವನು. ಕೊನೆಯ ಪುಟದಲ್ಲಿ ನಮ್ಮ ಮನೆಯ ಫೋನ್ ನಂಬರನ್ನೂ ಬರೆದಿದ್ದಾಳೆಂಬುದು ನಮಗೆ ತಿಳಿದದ್ದು ಹೋದ ತಿಂಗಳು, ರಾತ್ರಿ ಒಂಬತ್ತಕ್ಕೆ ಅವನ ಕರೆ ಬಂದಾಗ. ‘ಬವಳಿ’ ಎಂದರೇನೆಂದು ತಮಿಳಿನಲ್ಲಿ ಕೇಳಿದ. ಪುಸ್ತಕದಲ್ಲಿ ಆ ಮಾತು ಇಲ್ಲವಂತೆ. ತಲೆಸುತ್ತಿ ಬೀಳುವಂತಾಗುವುದೆಂದು ನಮ್ಮ ತಾಯಿಯವರು ತಿಳಿಸಿ, ‘ಯಾರಿಗಪ್ಪಾ? ಎಷ್ಟು ದಿವ್ಸದಿಂದ?’ ಎಂದು ವಿಚಾರಿಸತೊಡಗಿದರು. ಅಷ್ಟರಲ್ಲಿ ಆ ಕಡೆ ಯಾರೋ ಅವನನ್ನು ವಾರ್ಡಿಗೆ ಕರೆದರು, ಫೋನು ಕಡಿದುಹೋಯಿತು.