ಉಳಿದ ನೀರು



ನೀರನ್ನು ತರುವುದು ಹೇಗೆ, ತಂದುದನ್ನು ನಿಲ್ಲಿಸುವುದು ಹೇಗೆ ಎಂಬ ವಿದ್ಯೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ನಿಂತ ಕಾವೇರಿಯು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದುಬಂದು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳನ್ನು ತಣಿಸುತ್ತಾಳೆ. ನಮ್ಮ ತಾಲ್ಲೂಕಿನ ಅಂಚಿನ ಶಿವನಸಮುದ್ರದಲ್ಲಿ ಧುಮುಕಿದ ಅದೇ ನೀರಿನ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ನಮ್ಮ ತೊರೆಕಾಡನಹಳ್ಳಿಯಿಂದ ಹೊರಟ ನೀರು ಪಂಪುಗಳ ನೆರವಿನಿಂದ ಸುಮಾರು 500 ಮೀಟರು ಮೇಲೇರಿ 1974ರಿಂದ ಬೆಂಗಳೂರಿನ ದಾಹವನ್ನು ನೀಗಿಸುತ್ತಿದೆ. ನಾಲೆಗೆ ಎಂದು ನೀರು ಬಿಡುತ್ತಾರೆ, ಕಟ್ಟು ಪದ್ಧತಿಯಲ್ಲಿ ನಮ್ಮ ಸರದಿ ಎಂದು ಬರುತ್ತದೆ ಎಂಬುದೇ ನಮ್ಮ ರೈತರ ನಿತ್ಯದ ಮಾತು. ನೀರು ಬರಲಿಲ್ಲವೆಂಬ ಚಿಂತೆ ನಮಗೆ ಹಳೆಯದು. ನೀರು ಉಳಿದುಬಿಟ್ಟಿತಲ್ಲ ಎಂಬ ಚಿಂತೆಯನ್ನು ಮಾತ್ರ ನಾವು ಅಷ್ಟಾಗಿ ಕಂಡವರಲ್ಲ. ಆ ಚಿಂತೆಯ ವಿಷಯವಾಗಿಯೇ ಈ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ನನ್ನ ಮಗಳು ಮತ್ತು ಅಳಿಯಂದಿರು ಅಮೆರಿಕೆಯ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿದ್ದಾರೆ. ನಾನೂ ನನ್ನ ಮನೆಯವರೂ ಅಲ್ಲಿ ಆರು ತಿಂಗಳು ಇದ್ದು ಬಂದೆವು. ಹತ್ತು ಸಾವಿರ ಸರೋವರಗಳ ನಾಡೆಂದು ಆ ರಾಜ್ಯಕ್ಕೆ ಹೆಸರು. ಮಿಸಿಸಿಪ್ಪಿ ಮಹಾನದಿ ಹುಟ್ಟುವುದೂ ಅಲ್ಲಿಯ ಇಟಾಸ್ಕ ಎಂಬ ಸರೋವರದಲ್ಲಿಯೇ. ಬೇಸಿಗೆಯಲ್ಲಿ ಎತ್ತ ನೋಡಿದರೂ ನೀರು; ಚಳಿಗಾಲದಲ್ಲಿ ಆ ನೀರೆಲ್ಲ ಕಲ್ಲು. ಕೆಲವು ರಾತ್ರಿ ಸೊನ್ನೆಗಿಂತ 20, 30 ಡಿಗ್ರಿ ಕೆಳಗೆ ಇಳಿಯುವ ಆ ಚಳಿಯಲ್ಲಿ ಸರೋವರದ ಮೇಲೆಯೇ ಜನ ಕಾರು ಓಡಿಸುತ್ತಾರೆಂದರೆ ನಮ್ಮ ಕೆರೆಯ ಏರಿಯ ಮೇಲೆ ನಡೆದವರಿಗೆ ನಂಬುವುದು ಕಷ್ಟ.

ಅಳಿಯಂದಿರ ಬಳಿ ಕ್ಯಾಂಪರ್ ಟ್ರೇಲರ್ ಎಂಬ ವಾಹನವೊಂದಿದೆ. ಅದಕ್ಕೆ ತನ್ನದೇ ಎಂಜಿನ್ ಇಲ್ಲ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯಬೇಕು. ಒಳಗೆ ಮಲಗುವ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಸ್ನಾನದ ಮೂಲೆ, ಶೌಚ ಎಲ್ಲವೂ ಉಂಟು. ನಮ್ಮ ಹಿರಿಯರು ಕಮಾನು ಗಾಡಿ ಕಟ್ಟಿಕೊಂಡು, ಅಕ್ಕಿ ಬೇಳೆ ಹೇರಿಕೊಂಡು, ಮಲೆ ಮಹದೇಶ್ವರನ ಜಾತ್ರೆಗೆ ಹೋಗುತ್ತಿದ್ದರಲ್ಲವೇ? ಅದೇ ಗಾಡಿಗೆ ನಲ್ಲಿಯನ್ನೂ ಬಚ್ಚಲನ್ನೂ ಸೇರಿಸಿದರೆ ಹೇಗೋ ಹಾಗೆ ಎಂದು ತಿಳಿಯಿರಿ. ನಮ್ಮ ಗಾಡಿಯಲ್ಲಿ ನೀರೆಂದರೆ ಒಂದು ತಾಮ್ರದ ಬಿಂದಿಗೆ. ಬೋರಲು ಹಾಕಿದರೆ ಬರಿದಾಗುತ್ತಿತ್ತು. ಈ ಗಾಡಿಯಲ್ಲಾದರೋ ಗೋಡೆಯೊಳಗೆ, ನೆಲದಡಿಯಲ್ಲಿ, ಮಂಚದ ಕೆಳಗೆ ಹಾವಿನಂತೆ ಹರಿದ ಕೊಳವೆಗಳು. ಚಳಿ ಬೀಳುವ ಮುನ್ನ ಅವುಗಳಲ್ಲಿ ಒಂದು ಹನಿಯೂ ನಿಲ್ಲದಂತೆ ನೋಡಿಕೊಳ್ಳಬೇಕು.

ಏಕೆಂದು ಕೇಳುವಿರಿ. ಲೋಕದ ಬಹುತೇಕ ವಸ್ತುಗಳು ತಣ್ಣಗಾದಂತೆ ಕುಗ್ಗುತ್ತವೆ. ನೀರೂ 4 ಡಿಗ್ರಿಯವರೆಗೆ ಕುಗ್ಗುತ್ತದೆ; ಆಮೇಲೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡ 9ರಷ್ಟು ಹೆಚ್ಚುತ್ತದೆ. ಈ ಗುಣದಿಂದಲೇ ಮಂಜುಗಡ್ಡೆ ತೇಲುತ್ತದೆ, ಅದರಡಿಯ ನೀರಿನಲ್ಲಿ ಮೀನು ಬದುಕಿರುತ್ತದೆ. ಸರೋವರಕ್ಕೆ ವರವಾದ ಅದೇ ಗುಣ ಕೊಳವೆಗೆ ಶಾಪ. ಕೊಳವೆಯ ಒಂದೆಡೆ ಗಡ್ಡೆ ಕಟ್ಟಿ ಬೆಳೆಯುತ್ತಾ ಹೋದಾಗ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ಎಡೆಯಿಲ್ಲ. ಒತ್ತಡ ಏರಿ ಏರಿ, ಎಲ್ಲಿ ದುರ್ಬಲವೋ ಅಲ್ಲಿ ಕೊಳವೆ ಸೀಳುತ್ತದೆ. ಸೀಳಿದ್ದು ಆಗ ತಿಳಿಯುವುದಿಲ್ಲ. ಗಡ್ಡೆಯೇ ಬೆಣೆಯಂತೆ ನಿಂತಿರುತ್ತದೆ. ತಿಳಿಯುವುದು ವಸಂತದಲ್ಲಿ, ಗಡ್ಡೆ ಕರಗಿ, ಮತ್ತೆ ನೀರು ಬಿಟ್ಟಾಗ.

ಅಕ್ಟೋಬರ್ ತಿಂಗಳ ಒಂದು ಭಾನುವಾರ ಈ ಕೆಲಸ ನಡೆಯಿತು. ಹಣ ಕೊಟ್ಟರೆ ಮಾಡಿಕೊಡುವವರು ಅಲ್ಲಿ ಉಂಟು. ಆದರೂ ಅಳಿಯಂದಿರು ತಾವೇ ತೋಳು ಮಡಿಸಿ ನೆಲದ ಮೇಲೆ ಮಲಗಿ ಗಾಡಿಯಡಿಗೆ ತೂರಿದರು. ನಾನು ದೀಪ ಹಿಡಿದು ನಿಂತೆ.

ಮೊದಲು ತೊಟ್ಟಿಗಳ ಸರದಿ. ಆ ಗಾಡಿಯಲ್ಲಿ ಮೂರು ತೊಟ್ಟಿಗಳು: ಕುಡಿಯುವ ನೀರಿನದೊಂದು, ಪಾತ್ರೆ ತೊಳೆದ ಮತ್ತು ಮಿಂದ ನೀರಿನದೊಂದು, ಶೌಚದ್ದೊಂದು. ಕೊಳೆಯ ತೊಟ್ಟಿಗಳನ್ನು ಅದಕ್ಕೆಂದೇ ಗೊತ್ತುಮಾಡಿದ ಸ್ಥಳದಲ್ಲಿ ಮುನ್ನಾದಿನವೇ ಬರಿದುಮಾಡಿ ಬಂದಿದ್ದರು. ಶೌಚದ ತೊಟ್ಟಿ ಮೊದಲು, ಮಿಂದ ನೀರಿನದು ಆಮೇಲೆ. ಹೀಗೆ ಮಾಡಿದರೆ ಎರಡನೆಯ ನೀರು ಮೊದಲನೆಯದು ಹರಿದ ಕೊಳವೆಯನ್ನು ತೊಳೆಯುತ್ತದೆ. ಕುಡಿಯುವ ನೀರನ್ನು ಮನೆಯ ಮುಂದಿನ ಮರದ ಬುಡಕ್ಕೆ ಬಿಟ್ಟರು.

ಬಳಿಕ ನೀರು ಕಾಯಿಸುವ ಸಣ್ಣ ಹಂಡೆ. ಸುಮಾರು 23 ಲೀಟರು ಹಿಡಿಯುವ ಇದನ್ನು ಹಿಂದಿನ ದಿನವೇ ಆರಿಸಿ, ತಣ್ಣಗಾದ ಮೇಲೆ, ಒಳಗಿನ ಒತ್ತಡವನ್ನು ಹೊರಬಿಟ್ಟು, ಅನಂತರವೇ ಕೆಳಗಿನ ಬಿರಡೆಯನ್ನು ತಿರುಗಿಸಬೇಕು. ಅವಸರಿಸಿದರೆ ಕುದಿನೀರು ಮೈಮೇಲೆ ಬೀಳುತ್ತದೆ. ಆ ಬಿರಡೆಯೊಡನೆ ಸವೆದು ತೂತುಬಿದ್ದ ಒಂದು ಲೋಹದ ಸರಳು ಹೊರಬಂದಿತು. ಹಂಡೆಯ ಉಕ್ಕು ತುಕ್ಕು ಹಿಡಿಯದಿರಲೆಂದು ಅದಕ್ಕೆ ಮೊದಲು ತಾನೇ ಸವೆಯುವ ಮೆಗ್ನೀಸಿಯಂ ಸರಳಂತೆ ಅದು. ಹಂಡೆಯ ಆಯುಸ್ಸಿಗಾಗಿ ತನ್ನ ಆಯುಸ್ಸನ್ನು ಕೊಟ್ಟ ಆ ಸರಳನ್ನು ನಾನು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿದೆನು.

ಆಮೇಲೆ ಎಲ್ಲ ನಲ್ಲಿಗಳನ್ನೂ ತೆರೆದು, ಕೊಳವೆಗಳ ತಗ್ಗಿನ ತುದಿಗಳಲ್ಲಿರುವ ಕಿಂಡಿಗಳನ್ನು ಬಿಚ್ಚಿದರು. ನೀರು ಬುಳುಬುಳು ಎಂದು ಇಳಿದು ನಿಂತಿತು. ಇನ್ನು ಮುಗಿಯಿತಲ್ಲ ಎಂದೆ. ಅಳಿಯಂದಿರು ನಕ್ಕು, "ಮಾವನವರೇ, ಹೋದ ನೀರಿನ ಭಯವಿಲ್ಲ. ಉಳಿದದ್ದರ ಭಯ" ಎಂದರು. ಕೊಳವೆಯ ತಿರುವುಗಳಲ್ಲಿ, ಪಂಪಿನ ಹೊಟ್ಟೆಯಲ್ಲಿ, ಇಳಿಜಾರಿಲ್ಲದೆಡೆ ಬೊಗಸೆಯಷ್ಟು ನೀರು ನಿಂತೇ ಇರುತ್ತದೆ.

ಅದಕ್ಕಾಗಿ ಘನೀಭವನವನ್ನು ತಡೆಯುವ ಗುಲಾಬಿ ಬಣ್ಣದ ದ್ರವವೊಂದನ್ನು ಪಂಪಿನಿಂದ ಎಳೆಸುತ್ತಾರೆ. ಅದಕ್ಕೆ ಮುನ್ನ ನೀರಿನ ಶೋಧಕವನ್ನು ಕಳಚಿ, ಹಂಡೆಗೆ ಹೋಗುವ ದಾರಿಯನ್ನು ವಾಲ್ವು ತಿರುಗಿಸಿ ಮುಚ್ಚಬೇಕು. ಇಲ್ಲವಾದರೆ ಹಂಡೆಯೇ ದ್ರವವನ್ನೆಲ್ಲ ನುಂಗುತ್ತದೆ. ದೂರದ ನಲ್ಲಿಯಿಂದಾಗಲಿ ಹತ್ತಿರದ್ದರಿಂದಾಗಲಿ ಒಂದೊಂದಾಗಿ, ತಣ್ಣೀರಿನದು ಒಮ್ಮೆ, ಬಿಸಿನೀರಿನದು ಒಮ್ಮೆ ತೆರೆದು, ಗುಲಾಬಿ ಬಣ್ಣ ಕಾಣುವವರೆಗೆ ಬಿಡಬೇಕು. ಕೊನೆಗೆ ಪ್ರತಿ ಬಚ್ಚಲಿನ ಬಾಗಿದ ಕೊಳವೆಗೂ ಒಂದೊಂದು ಲೋಟ ಸುರಿಯಬೇಕು. ಹತ್ತು ಲೀಟರಿನ ಆಸುಪಾಸಿನಲ್ಲಿ ಕೆಲಸ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆಯುಂಟು. ಕಾರಿನ ಎಂಜಿನ್ನಿಗೆ ಹಾಕುವ ದ್ರವವೂ ಘನೀಭವನವನ್ನು ತಡೆಯುತ್ತದೆ. ಅದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್. ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಕುಡಿಯುವ ನೀರಿನ ಕೊಳವೆಗೆ ಪ್ರೊಪಿಲೀನ್ ಗ್ಲೈಕಾಲ್ ಎಂಬುದನ್ನೇ ಬಳಸಬೇಕು. ಹೆಸರಿನಲ್ಲಿ ಒಂದೆರಡು ಅಕ್ಷರಗಳ ವ್ಯತ್ಯಾಸ. ಮಗಳು ಒಳಗಿನಿಂದ ಬಂದು ಡಬ್ಬಿಯ ಮೇಲಿನ ಚೀಟಿಯನ್ನು ತಾನೂ ಒಮ್ಮೆ ಓದಿ ಹೋದಳು. ಬರುವ ಬೇಸಿಗೆಯಲ್ಲಿ ಆ ನಲ್ಲಿಗೆ ಲೋಟ ಹಿಡಿಯುವವಳು ಆಕೆಯ ಐದು ವರ್ಷದ ಮಗಳಲ್ಲವೇ!

ಕೆಲಸ ಮುಗಿಸಿ ಕೈತೊಳೆಯುತ್ತಿದ್ದಾಗ ಅಳಿಯಂದಿರು ಥಟ್ಟನೆ ಎದ್ದು ಮತ್ತೆ ಗಾಡಿಯ ಹಿಂಬದಿಗೆ ಹೋದರು. ಹೊರಗೆ ಕಾಲು ತೊಳೆಯಲೆಂದು ಗೋಡೆಯಲ್ಲಿ ಮುಚ್ಚಳದೊಳಗೆ ಇಟ್ಟ ಸಣ್ಣ ನಲ್ಲಿಯೊಂದಿತ್ತು. ಅದರಿಂದಲೂ ಗುಲಾಬಿ ಬಣ್ಣ ಬರುವವರೆಗೆ ಬಿಟ್ಟು, ಮುಚ್ಚಿ ಬಂದರು. ಅವರ ಪರಿಚಯದ ಕನ್ನಡ ಕುಟುಂಬವೊಂದು ಹಿಂದಿನ ವರ್ಷ ಎಲ್ಲವನ್ನೂ ಮಾಡಿ ಇದೊಂದನ್ನೇ ಮರೆತಿತ್ತಂತೆ. ವಸಂತದಲ್ಲಿ ನೀರು ಬಿಟ್ಟಾಗ ಗೋಡೆಯೊಳಗೆ ಸೋರಿತು, ಹೊರಗೆ ಕಾಣಲಿಲ್ಲ. ಕಂಡಾಗ ನೆಲದ ಹಲಗೆ ಕೊಳೆತಿತ್ತು. ಮಕ್ಕಳೊಡನೆ ಹೋಗಬೇಕಾಗಿದ್ದ ಆ ಬೇಸಿಗೆಯ ಪ್ರವಾಸವೂ, ಎರಡು ವರ್ಷ ಕೂಡಿಟ್ಟ ಹಣವೂ ಬೊಗಸೆ ನೀರಿನಲ್ಲಿ ಹೋದವು.

ವಾಚಕರೇ, ತಮ್ಮಲ್ಲಿ ಅನೇಕರು ನನ್ನಂತೆಯೇ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು. ಬೇಸಿಗೆಯ ರಜೆಗೆ ಊರಿಗೆ ಹೊರಡುವ ಮುನ್ನಾದಿನದ ಕೆಲಸ ನೆನಪಿದೆಯೇ? ಕೊಪ್ಪರಿಗೆ, ಹಂಡೆ, ಕೊಳಗಗಳನ್ನೆಲ್ಲ ಅಂಗಳಕ್ಕೆ ತಂದು, ಹುಣಿಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲು ಹಾಕುತ್ತಿದ್ದೆವು. ತಳದಲ್ಲಿ ನೀರು ನಿಂತರೆ ತಾಮ್ರ ಕಿಲುಬು ಹಿಡಿಯುವುದೆಂದು ಅಡುಗೆಯವರು ಒಂದೊಂದನ್ನೂ ಎತ್ತಿ ನೋಡುತ್ತಿದ್ದರು. ಮಿನ್ನೆಸೋಟದಲ್ಲಿ ನಾನು ಕಂಡದ್ದು ಅದೇ ಕಾಯಕ. ಬೋರಲು ಹಾಕಲಾಗದ ಪಾತ್ರೆಯನ್ನು ಬೋರಲು ಹಾಕುವ ಬಗೆಯನ್ನು ಅವರು ಕಂಡುಕೊಂಡಿದ್ದಾರೆ, ಅಷ್ಟೇ.

ಮಳವಳ್ಳಿಯಲ್ಲಿ ನೀರು ಕಲ್ಲಾಗುವುದಿಲ್ಲ, ನಮಗೇಕೆ ಈ ಉಪದೇಶ ಎನ್ನಬೇಡಿ. ನಮ್ಮಲ್ಲಿ ಉಳಿದ ನೀರು ಇನ್ನೊಂದು ಬಗೆಯಲ್ಲಿ ಸೇಡು ತೀರಿಸುತ್ತದೆ. ಮಕ್ಕಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಲೆಂದೋ ಆರು ತಿಂಗಳು ಮನೆಗೆ ಬೀಗ ಹಾಕಿ ಹೊರದೇಶಕ್ಕೆ ಹೋಗುವ ಹಿರಿಯರು ಈಗ ನಮ್ಮ ಊರೂರಿನಲ್ಲಿಯೂ ಇದ್ದಾರೆ. ನಮ್ಮ ಬೀದಿಯಲ್ಲಿಯೂ ಅಂಥದೊಂದು ಮನೆ ಇತ್ತು. ಮನೆಯವರು ಸಜ್ಜನರು, ನೆರೆಯವರಿಗೆ ಬೀಗದಕೈ ಕೊಟ್ಟು, ಗಿಡಗಳಿಗೆ ನೀರು ಹಾಕಿಸುವ ಏರ್ಪಾಡನ್ನೂ ಮಾಡಿ ಹೋಗಿದ್ದರು. ಆದರೆ ಸಂಪಿನ ಮುಚ್ಚಳದ ಮೂಲೆ ಒಡೆದಿತ್ತು. 2024ರ ಮಳೆಗಾಲದಲ್ಲಿ ಪಕ್ಕದ ಮನೆಯ ಎರಡನೆಯ ತರಗತಿಯ ಬಾಲಕಿ ಡೆಂಗಿ ಜ್ವರದಿಂದ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಶಿವನ ಕೃಪೆ, ಉಳಿದುಕೊಂಡಳು. ರೋಗ ಆ ಸಂಪಿನಿಂದಲೇ ಬಂದಿತೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಆ ಮುಚ್ಚಳವನ್ನು ಎತ್ತಿದಾಗ ಒಳಗೆ ಮರಿಗಳು ಕುಣಿಯುತ್ತಿದ್ದುದನ್ನು ಬೀದಿಯವರೆಲ್ಲ ಕಂಡೆವು.

ಡೆಂಗಿಯನ್ನು ಹರಡುವ ಸೊಳ್ಳೆ ಚರಂಡಿಗಿಂತ ನಮ್ಮ ಮನೆಯ ತಿಳಿನೀರನ್ನೇ ಬಯಸುತ್ತದೆ. ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆಯನ್ನು ಅಂಟಿಸುತ್ತದೆ. ನೀರಿದ್ದರೆ ವಾರ ಹತ್ತು ದಿನಗಳಲ್ಲಿ ಅದು ಸೊಳ್ಳೆಯಾಗಿ ಹಾರುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಒಣಗಿಯೇ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಮುಟ್ಟಿದೊಡನೆ ಒಡೆಯುತ್ತದೆ. ಆದುದರಿಂದ ಚೆಲ್ಲಿದರೆ ಸಾಲದು. ತಿಕ್ಕಿ ತೊಳೆದು ಒಣಗಿಸಬೇಕು. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮದಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡದ ಭಯಕ್ಕಿಂತ ಆ ಬಾಲಕಿಯ ತಾಯಿಯ ಮುಖ ನನ್ನ ಕಣ್ಣಮುಂದೆ ಹೆಚ್ಚು ನಿಲ್ಲುತ್ತದೆ.

ಮನೆಗೆ ಬೀಗ ಹಾಕುವವರು ಇಷ್ಟು ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ತಾರಸಿಯ ಟ್ಯಾಂಕನ್ನು ಬರಿದುಮಾಡಿ, ಒಳಗೋಡೆಯನ್ನು ತಿಕ್ಕಿಸಿ, ಮುಚ್ಚಳವನ್ನು ಭದ್ರಪಡಿಸಿ. ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಬಾಯಿಗೆ ಸೊಳ್ಳೆಪರದೆಯ ತುಂಡನ್ನು ಕಟ್ಟಿ. ಸಂಪಿನ ಮುಚ್ಚಳದಲ್ಲಿ ಬೆರಳು ತೂರುವಷ್ಟೂ ಸಂದಿಯಿರದಂತೆ ಮಾಡಿ. ಗೀಸರು ಮತ್ತು ಪಂಪಿನ ಸ್ವಿಚ್ಚು ಆರಿಸಿ. ಬಚ್ಚಲ ಕಿಂಡಿಗಳನ್ನೂ ಕಮೋಡನ್ನೂ ಮುಚ್ಚಿ. ಇಷ್ಟೆಲ್ಲ ಮಾಡಿದ ಮೇಲೆ ಹಿತ್ತಲಿಗೆ ಹೋಗಿ ನೋಡಿ: ಹಳೆಯ ಒರಳುಕಲ್ಲಿನ ಗುಳಿ, ಗಿಡದ ಕುಂಡದ ತಟ್ಟೆ, ಮೂಲೆಯ ಟೈರು, ತೆಂಗಿನ ಚಿಪ್ಪು. ಹೊರಗಿನ ಸಣ್ಣ ನಲ್ಲಿಯಂತೆ ಮರೆತುಹೋಗುವಂಥವು ಇವೇ.

ಏಪ್ರಿಲ್ ತಿಂಗಳಲ್ಲಿ ಮಗಳು ದೂರವಾಣಿಯಲ್ಲಿ ಮಾತನಾಡುತ್ತಾ ಗಾಡಿಯನ್ನು ಮತ್ತೆ ತೆರೆದ ಸುದ್ದಿಯನ್ನು ಹೇಳಿದಳು. ಹಂಡೆಗೆ ಹೊಸ ಸರಳನ್ನು ಹಾಕಿ, ಗುಲಾಬಿ ನೀರು ಹೋಗಿ ತಿಳಿನೀರು ಬರುವವರೆಗೆ ನಲ್ಲಿಗಳನ್ನು ಬಿಟ್ಟು, ಅನಂತರ ಬ್ಲೀಚು ಬೆರೆಸಿದ ನೀರನ್ನು ಕೆಲವು ಗಂಟೆ ಕೊಳವೆಗಳಲ್ಲಿ ನಿಲ್ಲಿಸಿ, ವಾಸನೆ ಹೋಗುವವರೆಗೆ ತೊಳೆದರಂತೆ. "ಎಲ್ಲಿಯೂ ಒಂದು ಹನಿ ಸೋರಲಿಲ್ಲ ಅಪ್ಪಾಜಿ" ಎಂದಳು. ಮೊಮ್ಮಗಳು ಮೊದಲ ಲೋಟ ನೀರನ್ನು ತಾನೇ ಹಿಡಿದು ಕುಡಿದಳೆಂದೂ ಹೇಳಿದಳು.

ಬರುವ ಜೂನ್ ತಿಂಗಳಿಗೆ ನಮ್ಮಲ್ಲಿ ಮಳೆ ಹಿಡಿಯುತ್ತದೆ. ಅದರೊಳಗಾಗಿ ತಾವೂ ಒಮ್ಮೆ ತಮ್ಮ ತಾರಸಿಯನ್ನು ಹತ್ತಿ ನೋಡುವುದು ಒಳ್ಳೆಯದು.