ಮನಿ ನಂಬರ್ ಮನ್ಯಾಗ ಇರ್ಲಿ

ನಮ್ಮೂರಿಗೆ ಎರಡು ಹೆಸರು. ಸರ್ಕಾರಿ ಕಾಗದದ ಮೇಲೆ ಮುನವಳ್ಳಿ, ಮಂದಿ ಬಾಯಲ್ಲಿ ಮನೋಳಿ. ಸವದತ್ತಿ ತಾಲ್ಲೂಕು, ಮಲಪ್ರಭೆಯ ದಂಡೆ. ಊರಿಗೇ ಎರಡು ಹೆಸರಿದ್ದ ಮೇಲೆ ಊರಿನ ಮಂದಿಗೆ ನಾಲ್ಕಾರು ಇದ್ದರೆ ಆಶ್ಚರ್ಯವೇನು? ಹೊಲದ ಪಂಪ್ ಕೆಟ್ಟರೆ ಬರುವ ಒಬ್ಬನೇ ಮಿಸ್ತ್ರಿ ಅಪ್ಪನ ಫೋನಿನಲ್ಲಿ ‘ಪಂಪ್ ರಿಪೇರಿ’, ಅಣ್ಣನ ಫೋನಿನಲ್ಲಿ ‘ಮೋಟರ್ ಹೊಸಾ ನಂಬರ್’, ಅವ್ವನ ಫೋನಿನಲ್ಲಿ ‘ಸಂತಿ ಹಾದ್ಯಾಂವ’. ಅಪ್ಪ ಹೊಲದಲ್ಲಿದ್ದು ಫೋನ್ ಎತ್ತದಿದ್ದರೆ ಉಳಿದವರಿಗೆ ಆ ಮಿಸ್ತ್ರಿ ಸಿಗುವುದೇ ಇಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಐದು ಫೋನು, ಐದು ಪುಸ್ತಕ, ಯಾವುದೂ ಪೂರ್ತಿಯಲ್ಲ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಮನೋಳಿ ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ವೈನಿ ಮತ್ತು ಅವರ ಎರಡು ಮಕ್ಕಳು. ಈ ಐದು ಪುಸ್ತಕಗಳನ್ನು ಒಂದು ಮಾಡಬೇಕೆಂಬ ಯೋಚನೆ ಹಳೆಯದು. ಆದರೆ ಅದಕ್ಕೆ ಕೈ ಹಚ್ಚಿಸಿದ್ದು ನಮ್ಮ ಬಳಗದಲ್ಲೇ ನಡೆದ ಒಂದು ಪ್ರಸಂಗ.

ದೂರದ ಸಂಬಂಧಿ ಹುಡುಗನೊಬ್ಬ ಫೋನಿನ ಆ್ಯಪ್ ಒಂದರಲ್ಲಿ ಸಣ್ಣ ಸಾಲ ತೆಗೆದ. ಕಂತು ನಾಲ್ಕು ದಿನ ತಡವಾಯಿತು. ಆತನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಬೈಗುಳದ ಮೆಸೇಜು ಹೋದವು. ನಮ್ಮ ಅಪ್ಪನಿಗೆ ಬಂತು, ಶಾಲೆಯ ಮಾಸ್ತರರಿಗೆ ಬಂತು. ಆಗಷ್ಟೇ ಆತನ ತಂಗಿಯನ್ನು ನೋಡಿಕೊಂಡು ಹೋಗಿದ್ದ ಬೀಗರ ಮನೆಗೂ ಹೋಯಿತು. ಆ ಮಾತುಕತೆ ಅಲ್ಲಿಗೇ ನಿಂತಿತು. ಸಾಲ ಮಾಡಿದವನು ಒಬ್ಬ, ತಲೆ ತಗ್ಗಿಸಿದವರು ಇಡೀ ಮನೆಯವರು.

ಇಂಥದ್ದು ಕಾನೂನಿನ ಪ್ರಕಾರ ನಡೆಯುವಂತಿಲ್ಲ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಡಿಜಿಟಲ್ ಸಾಲದ ನಿಯಮ ಹೊರಡಿಸಿ, ಸಾಲದ ಆ್ಯಪ್‌ಗಳು ಗ್ರಾಹಕರ ಫೋನಿನ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋಗಳನ್ನು ಮುಟ್ಟಬಾರದು ಎಂದು ಹೇಳಿದೆ. ಆದರೆ ನಿಯಮಕ್ಕೆ ಒಳಪಡದೆ ಕಳ್ಳದಾರಿಯಲ್ಲಿ ಬರುವ ಆ್ಯಪ್‌ಗಳಿಗೆ ನಿಯಮದ ಹಂಗೇನು? ಅವತ್ತು ನನಗೆ ಹೊಳೆದದ್ದು ಒಂದೇ ಮಾತು. ನನ್ನ ಫೋನಿನಲ್ಲಿರುವ ನಂಬರುಗಳು ನನ್ನವಲ್ಲ. ಅವು ಆಯಾ ಮಂದಿಯವು. ನಂಬಿ ನನ್ನ ಕೈಯಲ್ಲಿ ಇಟ್ಟು ಹೋಗಿದ್ದಾರೆ, ಅಷ್ಟೇ.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಮನೆಯಲ್ಲಿ ಸರ್ವರ್ ಇಟ್ಟ ಮಾತ್ರಕ್ಕೆ ಈ ಕಾಟ ತಪ್ಪುವುದಿಲ್ಲ. ಆ್ಯಪ್ ಒಂದು ‘ಸಂಪರ್ಕಗಳನ್ನು ನೋಡಲೇ?’ ಎಂದು ಕೇಳಿದಾಗ ‘ಹೂಂ’ ಎಂದರೆ, ಸರ್ವರ್ ಎಲ್ಲಿದ್ದರೂ ಅದು ಓದಿಕೊಂಡು ಹೋಗುತ್ತದೆ. ಅದಕ್ಕೇ ಮೊದಲು ಮಾಡಿದ ಕೆಲಸ ಅಂದ್ರೆ ಎಲ್ಲರ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಯಾವ ಆ್ಯಪಿಗೆ ಆ ಅನುಮತಿ ಇದೆ ಎಂದು ನೋಡಿ, ಬೇಡದ್ದನ್ನು ಕಿತ್ತು ಹಾಕಿದ್ದು. ಟಾರ್ಚ್ ಹಚ್ಚುವ ಆ್ಯಪಿಗೆ ನಮ್ಮ ಸೋದರಮಾವನ ನಂಬರು ಯಾಕೆ ಬೇಕು, ನೀವೇ ಹೇಳಿ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಈ ಲೇಖನ ಓದಿ ಮುಗಿಸಿದ ಮೇಲೆ ಇದೊಂದನ್ನಾದರೂ ಮಾಡಿ.

ಸರ್ವರಿನ ಕೆಲಸ ಬೇರೆ. ಮನೆಗೆಲ್ಲ ಒಂದೇ ಪುಸ್ತಕ ಮಾಡುವುದು, ಆ ಪುಸ್ತಕ ಯಾವ ಕಂಪನಿಯ ಖಾತೆಗೂ ಅಂಟಿಕೊಳ್ಳದೆ ನಮ್ಮ ಗೋಡೆಯೊಳಗೇ ಇರುವಂತೆ ನೋಡಿಕೊಳ್ಳುವುದು.

ಸರ್ವರ್ ಅಂದ ಕೂಡಲೇ ದೊಡ್ಡ ಕೋಣೆ, ಏಸಿ, ಮಿಣಮಿಣ ದೀಪಗಳು ಕಣ್ಣಿಗೆ ಬರುತ್ತವೆ. ನಮ್ಮ ಮನೆಯದು ಇಸ್ಪೀಟ್ ಕಟ್ಟಿನಷ್ಟು ದೊಡ್ಡದು. ರಾಸ್ಪ್‌ಬೆರ‍್ರಿ ಪೈ ಎಂಬ, 2012ರಲ್ಲಿ ಇಂಗ್ಲೆಂಡಿನವರು ಶಾಲೆ ಮಕ್ಕಳು ಕಲಿಯಲಿ ಎಂದು ಹೊರತಂದ ಕಿರುಗಂಪ್ಯೂಟರು. ಅದರೊಳಗೆ ರಾಡಿಕಾಲೆ ಎಂಬ ಉಚಿತ ತಂತ್ರಾಂಶ ಹಾಕಿದ್ದೇನೆ. ಕ್ಯಾಲೆಂಡರ್ ಮತ್ತು ಸಂಪರ್ಕಗಳನ್ನು ಕಾಯುವುದು ಬಿಟ್ಟರೆ ಅದಕ್ಕೆ ಬೇರೆ ಉಸಾಬರಿ ಇಲ್ಲ. ಫೋನುಗಳು ಅದರ ಜೊತೆ ಮಾತಾಡುವ ಭಾಷೆಗಳು ಎರಡು: ಕ್ಯಾಲೆಂಡರಿಗೆ 2007ರಲ್ಲಿ ಗೊತ್ತುಮಾಡಿದ ಕ್ಯಾಲ್‌ಡ್ಯಾವ್, ಸಂಪರ್ಕಗಳಿಗೆ 2011ರ ಕಾರ್ಡ್‌ಡ್ಯಾವ್. ಇವು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಐಫೋನಿಗೆ ಈ ಭಾಷೆಗಳು ಹುಟ್ಟುತ್ತಲೇ ಬರುತ್ತವೆ. ಆಂಡ್ರಾಯ್ಡಿಗೆ ಡಾವ್ ಎಕ್ಸ್ ಫೈವ್ ಎಂಬ ಆ್ಯಪ್ ಹಾಕಿ ಕಲಿಸಬೇಕು.

ಕೆಲಸ ನಡೆಯುವ ರೀತಿ ಸರಳ. ಪ್ರತಿ ನಂಬರೂ ಒಂದು ಚೀಟಿ, ಪ್ರತಿ ಚೀಟಿಗೂ ಒಂದು ಗುರುತು. ಫೋನು ಬಂದು ‘ಹೋದ ಸಲ ನಾನು ಬಂದು ಹೋದ ಮೇಲೆ ಏನು ಬದಲಾಗಿದೆ?’ ಎಂದು ಕೇಳುತ್ತದೆ. ಗುರುತು ಬದಲಾದ ಚೀಟಿಗಳನ್ನಷ್ಟೇ ಸರ್ವರ್ ಕೊಡುತ್ತದೆ. ಫೋನಿನಲ್ಲಿ ಹೊಸದೇನಾದರೂ ಇದ್ದರೆ ಇಸಿದುಕೊಳ್ಳುತ್ತದೆ. ಇಡೀ ಪುಸ್ತಕದ ಪ್ರತಿ ಫೋನಿನಲ್ಲೂ ಇರುವುದರಿಂದ ಹೊಲದಲ್ಲಿದ್ದರೂ ಸಂತೆಯಲ್ಲಿದ್ದರೂ ನಂಬರು ಸಿಗುತ್ತದೆ. ಹೊಸದು ಸೇರಿಸಿದರೆ ಮಾತ್ರ, ಮನೆಗೆ ಬಂದು ವೈಫೈ ಹಿಡಿಯುವ ತನಕ ಅದು ಕಾಯಬೇಕು.

ಡಬ್ಬಿಯನ್ನು ಟಿವಿ ಕಪಾಟಿನ ಮೇಲೆ ಇಟ್ಟ ದಿನ ವೈನಿಯ ಮೊದಲ ಪ್ರಶ್ನೆ: “ಹಗಲು ರಾತ್ರಿ ಹಚ್ಚಿಡೂದಂದ್ರ ಗೃಹಜ್ಯೋತಿ ಲಿಮಿಟ್ ದಾಟೂದಿಲ್ಲೇನ್ರಿ?” ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ತೋರಿಸಿದೆ. ಐದು ವ್ಯಾಟ್ ಎಂದು ಹಿಡಿದರೂ ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ, ಒಟ್ಟು 3.6 ಯೂನಿಟ್. “ಹಂಗಾದ್ರ ಇರ್ಲಿ” ಅಂದರು.

ಕರೆಂಟು ಹೋಗಿ ಬರುವುದು ನಮ್ಮ ಕಡೆ ಹೊಸದಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಇದರ ಮೆಮೊರಿ ಕಾರ್ಡು ಕೆಡಬಹುದು. ಅದಕ್ಕೆ ರೂಟರಿಗೆ ಹಚ್ಚುವ ಸಣ್ಣ ಯುಪಿಎಸ್ ಒಂದನ್ನು ಇದಕ್ಕೂ ಹಚ್ಚಿದೆ. ರಾತ್ರಿಗೊಂದು ಸಲ ಎಲ್ಲವೂ ಪೆನ್‌ಡ್ರೈವಿಗೆ ನಕಲಾಗುತ್ತದೆ. ಇನ್ನೊಂದು ಪೆನ್‌ಡ್ರೈವು ಅವ್ವನ ತಿಜೋರಿಯಲ್ಲಿ, ಬಂಗಾರದ ಜೊತೆ. ಖಂಡೇಪೂಜೆ ದಿನ ಕುಡಗೋಲು, ಟ್ರ್ಯಾಕ್ಟರುಗಳ ಸಾಲಿನಲ್ಲಿ ಡಬ್ಬಿಗೂ ಕುಂಕುಮ ಬಿತ್ತು.

ಯಂತ್ರ ನಿಲ್ಲಿಸಲು ಒಂದು ಮಧ್ಯಾಹ್ನ ಸಾಕಾಯಿತು. ಹೆಸರುಗಳನ್ನು ಕೂಡಿಸಲು ದೀಪಾವಳಿಯ ಇಡೀ ರಜೆ ಹಿಡಿಯಿತು. ಐದು ಫೋನುಗಳಿಂದ ಬಂದ ನಂಬರು 2,140. ಅಪ್ಪನ ಹಳೆಯ ಫೋನಿನಿಂದ ತೆಗೆದ ಫೈಲಿನಲ್ಲಿ ಕನ್ನಡ ಹೆಸರುಗಳ ಬದಲು ಇ-ಸೊನ್ನೆ-ಬಿ-ಎರಡು ಎಂಬ ಸಾಲುಸಾಲು ಚಿಹ್ನೆಗಳಿದ್ದವು. ಕನ್ನಡದ ಪ್ರತಿ ಅಕ್ಷರ ಯಂತ್ರಭಾಷೆಯಲ್ಲಿ ಇ-ಸೊನ್ನೆ ಎಂದೇ ಶುರುವಾಗುತ್ತದೆ. ಹಳೆಯ ಫೋನುಗಳು ಅದನ್ನು ಹಾಗೇ ಬಿಚ್ಚಿ ಬರೆಯುತ್ತವೆ. ಸಣ್ಣದೊಂದು ಪ್ರೋಗ್ರಾಮ್ ಬರೆದು ಅವನ್ನೆಲ್ಲ ಮತ್ತೆ ಕನ್ನಡ ಮಾಡಿದೆ. ಆದರೆ ‘ಸಂತಿ ಹಾದ್ಯಾಂವ’ ಯಾರೆಂದು ಹೇಳಲು ಯಾವ ಪ್ರೋಗ್ರಾಮಿಗೂ ಆಗದು. ಅವ್ವನೇ ಕುಂತು ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಯಾರು ಯಾರಿಗೆ ಏನಾಗಬೇಕು, ಯಾರ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದಾರೆ, ಯಾರ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯಿತು, ಎಲ್ಲ ಬಂತು. ಕೊನೆಗೆ ಉಳಿದದ್ದು 870 ನಂಬರು. ಅಷ್ಟೂ ಸೇರಿ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು ಜಾಗವನ್ನೂ ಹಿಡಿಯಲಿಲ್ಲ.

ತೀರಿಕೊಂಡ ಅಜ್ಜನ ನಂಬರಿನ ಬಳಿ ಬಂದಾಗ ಕೈ ನಿಂತಿತು. ಒಬ್ಬರು ಅಳಿಸಿದರೆ ಎಲ್ಲರ ಫೋನಿನಿಂದಲೂ ಹೋಗುತ್ತದೆ. ಅಪ್ಪ ಏನೂ ಅನ್ನಲಿಲ್ಲ. ಅವ್ವ “ಇರ್ಲಿ ಬಿಡೋ, ಅದಕ್ಕೇನ್ ಬಾಡಿಗಿ ಕೊಡಬೇಕೇನು” ಅಂದಳು. ಇದೆ.

ಕ್ಯಾಲೆಂಡರಿನದು ಬೇರೆಯೇ ಪಂಚಾಯಿತಿ. ಕಿತ್ತೂರು ಉತ್ಸವವನ್ನು ಒಮ್ಮೆ ಬರೆದರೆ ಮುಗಿಯಿತು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ಪ್ರತಿ ವರ್ಷ ಅದೇ ತಾರೀಖಿಗೆ ಬರುತ್ತದೆ. ಆದರೆ ಯಲ್ಲಮ್ಮನ ಗುಡ್ಡದ ಭಾರತ ಹುಣ್ಣಿಮೆ? 2025ರಲ್ಲಿ ಫೆಬ್ರುವರಿ 12ಕ್ಕೆ, 2026ರಲ್ಲಿ ಫೆಬ್ರುವರಿ 1ಕ್ಕೆ. ಮೂರು ವರ್ಷಕ್ಕೊಮ್ಮೆ ನಡುವೆ ಅಧಿಕಮಾಸ ಬರುತ್ತದೆ. 2023ರಲ್ಲಿ ಶ್ರಾವಣ, 2026ರಲ್ಲಿ ಜ್ಯೇಷ್ಠ. ಬೇರೆ ಪಂಚಾಂಗಗಳ ಪ್ರಕಾರ ತಿಥಿ ಮರುಕಳಿಸಲು 2015ರಲ್ಲೇ ಒಂದು ನಿಯಮ ಬರೆದಿದ್ದಾರೆ, ಆದರೆ ಅದನ್ನು ಪಾಲಿಸುವ ಆ್ಯಪ್‌ಗಳು ಅಪರೂಪ. ನಮ್ಮ ಮನೆಯಲ್ಲಿ ಬೇಕಾದದ್ದು ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾಸಿ, ನಾಗರ ಅಮಾಸಿ, ಸೀಗಿ ಹುಣ್ಣಿಮೆ, ಚರಗ ಚೆಲ್ಲುವ ಎಳ್ಳ ಅಮಾಸಿ. ಎಲ್ಲವೂ ಚಂದ್ರನ ಲೆಕ್ಕದವು. ಅದಕ್ಕೇ ವರ್ಷಕ್ಕೊಮ್ಮೆ ಅಪ್ಪ ಗೋಡೆಯ ಪಂಚಾಂಗ ಇಳಿಸಿಕೊಂಡು ಕುಂತು ಒಂದೊಂದೇ ಓದುತ್ತಾನೆ, ಅಣ್ಣನ ಮಗಳು ಫೋನಿನಲ್ಲಿ ಬರೆಯುತ್ತಾಳೆ. ಅವಳಿಗೆ ಈಗ ಹುಣ್ಣಿಮೆಗಳ ಹೆಸರು ಬಾಯಿಪಾಠ.

ಇಷ್ಟರಲ್ಲಿ ವೈನಿ ಒಂದು ದಿನ ಚಹಾ ಕೊಡುತ್ತ ಕೇಳಿದರು: “ಅಲ್ರಿ, ಇದರಾಗ ನಾ ಏನರೆ ನನ್ನಷ್ಟಕ್ಕ ಬರದ್ರ ಮಾವಾರಿಗೂ ಕಾಣತೈತೇನು?”

“ಇಲ್ಲ ವೈನಿ. ಮನೆಯದಕ್ಕೊಂದು ಹೆಸರು, ನಿಮಗೊಂದು ಹೆಸರು ಬ್ಯಾರೆ ಮಾಡೇನಿ. ನಿಮ್ಮ ಹೆಸರಿನಾಗ ಬರದದ್ದು ನಿಮ್ಮ ಫೋನಿನಾಗ ಅಷ್ಟ.”

“ಮತ್ತ ನಿಮಗ?”

ಹಿಂಗೆ ನೇರ ಕೇಳಿದ ಮೇಲೆ ನೇರ ಹೇಳಬೇಕು. ರಾಡಿಕಾಲೆ ಎಲ್ಲವನ್ನೂ ಸಾದಾ ಅಕ್ಷರದ ಫೈಲುಗಳಲ್ಲಿ ಇಡುತ್ತದೆ. ಡಬ್ಬಿಯ ಕೀಲಿ ಇದ್ದವನು ಫೋಲ್ಡರ್ ತೆಗೆದು ಓದಬಹುದು. ಕೀಲಿ ಇದ್ದದ್ದು ನನ್ನ ಹತ್ತಿರ. ದೊಡ್ಡ ಕಂಪನಿಯನ್ನು ಹೊರಗಿಟ್ಟು ಆ ಜಾಗದಲ್ಲಿ ಮನೆಯ ಸಣ್ಣ ಮಗ ಕುಂತಂತೆ ಆಯಿತು. ಕಂಪನಿಗೆ ವೈನಿ ಯಾರೋ ಗೊತ್ತಿಲ್ಲ. ನನಗೆ ಗೊತ್ತು. ಹೆಣ್ಣುಮಗಳೊಬ್ಬಳು ತನ್ನ ತಿಂಗಳ ದಿನ, ಚೀಟಿಯ ಕಂತು, ತವರಿಗೆ ಕಳಿಸಿದ ಹಣದ ಲೆಕ್ಕ ಬರೆದುಕೊಳ್ಳುವ ಜಾಗವನ್ನು ಮೈದುನ ನೋಡಬಹುದು ಎಂದಾದರೆ, ಅದು ದೂರದ ಯಾವುದೋ ದೇಶದ ಕಂಪ್ಯೂಟರು ನೋಡುವುದಕ್ಕಿಂತ ಹೆಚ್ಚಿನ ಮುಜುಗರ.

“ನೋಡಾಕ ಬರತೈತಿ ವೈನಿ. ನಾ ನೋಡೂದಿಲ್ಲ ಅನ್ನೂದು ಬರೇ ಮಾತು. ನಿಮ್ಮ ಸ್ವಂತದ್ದನ್ನ ಇದರಾಗ ಹಾಕಬ್ಯಾಡ್ರಿ” ಅಂದೆ. ಅವರ ಫೋನಿನಲ್ಲೇ ಉಳಿಯುವ, ಎಲ್ಲಿಗೂ ಹೋಗದ ಕ್ಯಾಲೆಂಡರ್ ಒಂದನ್ನು ತೆರೆದುಕೊಟ್ಟೆ. ಡಬ್ಬಿಯ ಕೀಲಿಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತಿಜೋರಿಯ ಪೆನ್‌ಡ್ರೈವಿನ ಜೊತೆ ಇಟ್ಟೆ. ನಾಳೆ ನನಗೇನಾದರೂ ಆದರೂ ಮನೆಯ ಪುಸ್ತಕ ಮನೆಯವರ ಕೈಗೆ ಸಿಗಬೇಕಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ಹಕ್ಕನ್ನು ನಾವು ಸರ್ಕಾರಕ್ಕೆ, ಕಂಪನಿಗೆ ಎದುರಾಗಿ ಇಟ್ಟು ಮಾತಾಡುತ್ತೇವೆ. ಒಂದೇ ಹೊಸ್ತಿಲೊಳಗೆ ಅದಕ್ಕೆ ಎಷ್ಟು ಜಾಗವಿದೆ ಎಂದು ಕೇಳಿದ್ದು ವೈನಿ.

ಇನ್ನು ನನ್ನ ಮಾತು. ಹೊರಗಿನಿಂದ ಯಾರೂ ಬರಬಾರದೆಂದು ಈ ಸರ್ವರಿಗೆ ಇಂಟರ್ನೆಟ್ ಬಾಗಿಲು ಇಟ್ಟಿಲ್ಲ. ಹಾಗಾಗಿ ಬೆಂಗಳೂರಿನಲ್ಲಿರುವಾಗ ನನ್ನ ಫೋನಿನಲ್ಲಿರುವುದು ಹಳೆಯ ಸುದ್ದಿ. ಮನೋಳಿಗೆ ಬಂದು ವೈಫೈ ಹಿಡಿದು ಒತ್ತಿದರೆ ತಿಂಗಳುಗಟ್ಟಲೆಯ ಮನೆ ಒಮ್ಮೆಲೇ ಬರುತ್ತದೆ: ಎಮ್ಮಿ ಈಯುವ ದಿನ, ಸೊಸೈಟಿ ಸಾಲದ ಕಂತು, ಮಕ್ಕಳ ಪರೀಕ್ಷೆ. ಹೋದ ಸಲ ಅದರ ನಡುವೆ ವೈನಿ ಬರೆದ ಮೂರು ಸಾಲುಗಳಿದ್ದವು. ‘ಅತ್ತಿ, ಧಾರವಾಡ ದವಾಖಾನಿ.’ ವಾರ ಬಿಟ್ಟು ‘ಅತ್ತಿ, ಗಂಟಿನ ತುಣುಕು ಟೆಸ್ಟ್.’ ಮತ್ತೆ ವಾರಕ್ಕೆ ‘ಅತ್ತಿ, ರಿಪೋರ್ಟ್.’ ಮೂರೂ ಆಗಿಹೋದ ತಾರೀಖುಗಳು. ಆ ವಾರಗಳಲ್ಲಿ ನಾನು ದಿನಾ ಫೋನಿನಲ್ಲಿ ಮಾತಾಡಿದ್ದೆ. ಊಟ ಆಯಿತೇ ಎಂದು ಕೇಳಿದ್ದಳು.

ಅಡುಗೆಮನೆಗೆ ಹೋಗಿ ಫೋನು ತೋರಿಸಿದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. “ಕೊಳ್ಳಾಗ ಗಂಟಿತ್ತು. ಏನೂ ಇಲ್ಲ ಅಂದ್ರು. ನಿನಗ ತಿಳೀಬಾರ್ದಂತ ಅಲ್ಲೋ ತಮ್ಮಾ. ತಿಳದು ನೀ ಅಲ್ಲಿ ಒಬ್ನ ಕುಂತು ಏನ್ ಮಾಡಾಂವ ಇದ್ದಿ?”

ಬೆಂಗಳೂರಿಗೂ ತಲುಪುವಂತೆ ಗುಪ್ತದಾರಿ ಮಾಡುವುದು ನನ್ನ ಕಸುಬಿನವರಿಗೆ ಕಷ್ಟವಲ್ಲ. ರಾತ್ರಿ ಊಟಕ್ಕೆ ಕುಂತಾಗ ಕೇಳಿದೆ, ಮಾಡಲೇ ಎಂದು. ಅಪ್ಪ ಅಣ್ಣನ ಮುಖ ನೋಡಿದ. ಅವ್ವನೇ ಹೇಳಿದಳು: “ಬ್ಯಾಡ. ನಾ ಎಲ್ಲಿ ಹೊಂಟೆ ಅಂತ ಫೋನ್ ನೋಡಿ ತಿಳ್ಕೊಳ್ಳೂದೇನು? ಕೇಳು, ಹೇಳ್ತೇನಿ.” ದವಾಖಾನಿ ಸುದ್ದಿ ಇನ್ನು ಮುಚ್ಚಿಡುವುದಿಲ್ಲ ಎಂದು ಎಲ್ಲರ ಎದುರು ಒಪ್ಪಿಕೊಂಡಳು. ನಾನೂ ಆ ದಾರಿ ಮಾಡಲಿಲ್ಲ.

ಈಗ ರವಿವಾರ ರಾತ್ರಿ ಫೋನ್ ಮಾಡಿದಾಗ ವೈನಿ ಮುಂದಿನ ವಾರದ ಮನೆ ಕ್ಯಾಲೆಂಡರನ್ನು ಓದಿ ಹೇಳುತ್ತಾರೆ, ನಡುನಡುವೆ ಅವ್ವ ತಿದ್ದುತ್ತಾಳೆ. ಹತ್ತು ನಿಮಿಷದ ಕೆಲಸ. ಕಳೆದ ವಾರ ಓದಿದ್ದರಲ್ಲಿ ಅವ್ವನ ಆರು ತಿಂಗಳ ತಪಾಸಣೆಯ ತಾರೀಖು ಬಂತು. ರಜೆ ಹಾಕಿದ್ದೇನೆ. ಧಾರವಾಡಕ್ಕೆ ಈ ಸಲ ನಾನು ಕರೆದುಕೊಂಡು ಹೋಗುತ್ತೇನೆ.